ಓ. ಬ್ರೆಕ್ಕೆ, ಕ್ಯಾಷಿಯರ್

ಸಿಟ್ಟು ಬಂದರೆ ಕೂಗಾಡುವ ಹೆಂಗಸಲ್ಲ ಆರ್ಡಿಸ್ ಟಾಲೆಫ್ಸನ್. ನೋರ್ಡಾಲ್ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದು, ಸುತ್ತಲಿನ ಹೊಲಮನೆಗಳಿಂದ ಬರುವ ನೂರೈವತ್ತು ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿದವಳು. ಸಿಟ್ಟು ಬಂದ ದಿನ ಅವಳು ಪಾತ್ರೆ ತಿಕ್ಕುತ್ತಿದ್ದಳು. ಪಾತ್ರೆಗಳು ಎಷ್ಟು ಹೊಳೆಯುತ್ತಿವೆ ಎಂದು ನೋಡಿಯೇ ಜೊತೆಯವರು ಅವತ್ತಿನ ಹವಾಮಾನ ತಿಳಿದುಕೊಳ್ಳುತ್ತಿದ್ದರು.

1984ರ ಅಕ್ಟೋಬರ್‌ನ ಒಂದು ಶನಿವಾರ, ಸೇಂಟ್ ಪಾಲ್‌ನಲ್ಲಿ ನಡೆದ ಹಳೇ ನೋಟು ಸಂಗ್ರಾಹಕರ ಮೇಳ ಮುಗಿಸಿ ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಓವನ್ ಮುಂದೆ ಮಂಡಿಯೂರಿ ಕೂತು ತಿಕ್ಕಲು ಶುರುಮಾಡಿದಳು. ಗಂಡ ಎಲ್ಡನ್ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ.

"ಆ ಓವನ್ ಏನು ತಪ್ಪು ಮಾಡ್ತು, ಆರ್ಡಿಸ್?"

"ಸುಮ್ನಿರು ಎಲ್ಡನ್."

"ಕೋಟಾದ್ರೂ ಬಿಚ್ಚು, ಮಾರಾಯ್ತಿ."

"ಬಿಚ್ಚಲ್ಲ. ವಾಪಸ್ ಹೋಗಿ ಆ ಮನುಷ್ಯನಿಗೆ ನಾಲ್ಕು ಮಾತು ಹೇಳೋಣ ಅನ್ಸಿದ್ರೆ ರೆಡಿಯಾಗಿರ್ಲಿ."

ಎಲ್ಡನ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಕಾದ ಇಂಜಿನ್ನಿಗೆ ಕೈ ಹಾಕಬಾರದೆಂದು ಅವನಿಗೆ ಗೊತ್ತು. ಕಾಫಿ ಬಗ್ಗಿಸಿ ಮೇಜಿನ ಮೇಲಿಟ್ಟು ತಾನೂ ಕೂತ.

ಆರ್ಡಿಸ್‌ಗೆ ಈ ನೋಟಿನ ಹುಚ್ಚು ಹಿಡಿದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ತೀರಿಹೋದ ಯಾರದೋ ಹೊಲಮನೆಯ ಸಾಮಾನು ಹರಾಜಿನಲ್ಲಿ ಅವಳೊಮ್ಮೆ ಅಡುಗೆ ಪುಸ್ತಕಗಳ ಪೆಟ್ಟಿಗೆಯೊಂದನ್ನು ಕೊಂಡಿದ್ದಳು. ಅಲ್ಲೇ ಕಣದಲ್ಲಿ ನಿಂತು ಪುಟ ತಿರುವುವಾಗ, ರೈ ಬ್ರೆಡ್ಡಿನ ಪುಟದಲ್ಲಿ ಹತ್ತು ಡಾಲರಿನ ಒಂದು ನೋಟು ಸಿಕ್ಕಿತು. ಈಗಿನ ನೋಟಿಗಿಂತ ಎಷ್ಟೋ ದೊಡ್ಡದು, ಅಂಗೈ ಮೀರಿ ಹರಡಿಕೊಳ್ಳುವಂಥದು. ಅದರ ನಟ್ಟನಡುವೆ ಅಚ್ಚುಕಟ್ಟಾದ ಅಕ್ಷರಗಳಲ್ಲಿ 'ಫಸ್ಟ್ ನ್ಯಾಷನಲ್ ಬ್ಯಾಂಕ್ ಆಫ್ ನೋರ್ಡಾಲ್, ಮಿನ್ನೆಸೋಟ' ಎಂದಿತ್ತು. ನಾನೂರು ಜನರ ಊರು. ಎರಡು ಚರ್ಚು, ಒಂದು ಬೆಣ್ಣೆ ಡೇರಿ, ರೈಲುಹಳಿಯ ಪಕ್ಕ ಗೋಧಿ ತುಂಬಿಡುವ ಒಂದು ಗೋಪುರ. ರಾಜ್ಯದ ನಕ್ಷೆ ಬರೆಯುವವರೇ ಒಮ್ಮೊಮ್ಮೆ ಮರೆತುಬಿಡುವ ಹೆಸರು ಅಮೆರಿಕದ ದುಡ್ಡಿನ ಮೇಲೆ! ಆರ್ಡಿಸ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ನೋಟನ್ನು ಮಾತ್ರ ಎದೆಗವಚಿಕೊಂಡು ಗಾಡಿಯ ಕಡೆ ನಡೆದಿದ್ದಳು. ಪೆಟ್ಟಿಗೆಗೆಂದು ಎಲ್ಡನ್ ಮತ್ತೆ ಹೋಗಬೇಕಾಯಿತು.

ಒಂದು ಕಾಲಕ್ಕೆ ಸರ್ಕಾರ ಸಾವಿರಾರು ಸಣ್ಣ ಊರುಗಳ ಬ್ಯಾಂಕಿಗೆ ಅದರದರ ಹೆಸರಿನಲ್ಲೇ ನೋಟು ಅಚ್ಚು ಹಾಕಿಸಿ ಕಳಿಸುತ್ತಿತ್ತೆಂದು ಅವಳಿಗೆ ಆಮೇಲೆ ತಿಳಿಯಿತು. ವಾಷಿಂಗ್ಟನ್ನಿನಿಂದ ಅಂಚೆಯಲ್ಲಿ ಹಾಳೆಗಟ್ಟಲೆ ನೋಟು ಬರುತ್ತಿದ್ದವು. ದಿನದ ವ್ಯವಹಾರವೆಲ್ಲ ನೋಡಿಕೊಳ್ಳುವ ಬ್ಯಾಂಕಿನ ಕ್ಯಾಷಿಯರ್ ಎಡಕ್ಕೆ, ಅಧ್ಯಕ್ಷ ಬಲಕ್ಕೆ ರುಜು ಹಾಕಿ, ಕತ್ತರಿಯಿಂದ ಬಿಡಿಬಿಡಿ ಮಾಡಿ, ಗಿರಾಕಿಗಳ ಕೈಗೆ ಕೊಡುತ್ತಿದ್ದರು. 1935ರಲ್ಲಿ ಅದೆಲ್ಲ ನಿಂತಿತು. ಆರ್ಡಿಸ್ ಭೂತಗನ್ನಡಿ ಕೊಂಡಳು. ಮೊಹರಿನ ಬಣ್ಣ ನೋಡಿ ಕಾಲ ಗುರುತಿಸುವುದನ್ನು, ಬ್ಯಾಂಕಿನ ನಂಬರಿನಿಂದ ಊರು ಹಿಡಿಯುವುದನ್ನು, ಕಾಗದವನ್ನು ಬೆಳಕಿಗೆ ಹಿಡಿದು ಕೆಂಪು ನೀಲಿ ರೇಷ್ಮೆ ಎಳೆ ಹುಡುಕುವುದನ್ನು ಕಲಿತಳು. ಲೇಖನಿಯ ಮಸಿ ಕಾಗದದೊಳಗೆ ಇಳಿದು ಕಂದುಬಣ್ಣವಾಗುತ್ತದೆ, ರಬ್ಬರ್ ಮುದ್ರೆ ಮೇಲೆಯೇ ಕೂತು ನೇರಳೆ ತಿರುಗುತ್ತದೆ ಎಂಬುದನ್ನು ಅವಳ ಕಣ್ಣೇ ಅವಳಿಗೆ ಹೇಳಿಕೊಟ್ಟಿತು. ತಮ್ಮ ಕೌಂಟಿಯಲ್ಲಿ ಹೀಗೆ ನೋಟು ಕೊಟ್ಟ ಆರು ಊರುಗಳಲ್ಲಿ ಐದರ ನೋಟುಗಳನ್ನು ಕೂಡಿಹಾಕಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟಿದ್ದಳು.

ಎಷ್ಟು ನೋಟು ಬಂದರೂ ನೋರ್ಡಾಲ್‌ನ ಆ ಹತ್ತರ ನೋಟಿಗೆ ಸಮ ಇರಲಿಲ್ಲ. ಬಲಕ್ಕೆ ಬ್ಯಾಂಕಿನ ಅಧ್ಯಕ್ಷ ನಿಲ್ಸ್ ಹೌಗ್ಲಂಡ್, ರಬ್ಬರ್ ಮುದ್ರೆಯಲ್ಲಿ. ಎಡಕ್ಕೆ ಲೇಖನಿಯಲ್ಲಿ, 'ಓ. ಬ್ರೆಕ್ಕೆ'. ಅದು ಯಾರೆಂದು ಆರ್ಡಿಸ್ ಯಾರನ್ನೂ ಕೇಳಬೇಕಾಗಿರಲಿಲ್ಲ. ಏಳು ವರ್ಷದವಳಿದ್ದಾಗ ಅಪ್ಪನ ಜೊತೆ ಬ್ಯಾಂಕಿಗೆ ಹೋಗಿದ್ದಳು. ಹಿತ್ತಾಳೆ ಸರಳುಗಳ ಹಿಂದೆ ಬೂದು ಬಣ್ಣದ ಉಡುಪಿನ ಹೆಂಗಸೊಬ್ಬಳು, ತುರುಬಿನಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ಕೂತಿದ್ದಳು. ಮುಂದಿದ್ದ ಮರದ ಹಲಗೆಯ ಮೇಲೆ 'ಕ್ಯಾಷಿಯರ್' ಎಂದು ಕೆತ್ತಿತ್ತು. ಎದುರು ಪಾದ್ರಿ ಬಂದರೂ ಟೋಪಿ ತೆಗೆಯದ ಅಪ್ಪ ಅವತ್ತು ಟೋಪಿ ತೆಗೆದು, "ಮಿಸ್ ಓಲೀನಾ, ಆರಾಮಾ?" ಎಂದಿದ್ದ.

ಸೇಂಟ್ ಪಾಲ್ ಮೇಳದಲ್ಲಿ ಡಾಕ್ಟರ್ ವೆಂಡೆಲ್ ಸ್ಪ್ರೇಗ್ ತನ್ನ ಹೊಸ ಪುಸ್ತಕ ಮಾರುತ್ತಿದ್ದ. ವೃತ್ತಿಯಲ್ಲಿ ಹಲ್ಲಿನ ವೈದ್ಯ, ಸಂಗ್ರಾಹಕರ ಸಂಘದ ಅಧ್ಯಕ್ಷ. ಮಿನ್ನೆಸೋಟದಲ್ಲಿ ನೋಟು ಕೊಟ್ಟ ಒಂದೊಂದು ಬ್ಯಾಂಕೂ, ರುಜು ಹಾಕಿದ ಒಬ್ಬೊಬ್ಬರೂ ಅದರಲ್ಲಿದ್ದಾರೆಂದು ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಆರ್ಡಿಸ್ ಕೂಡ ಕೊಂಡು, ನಿಂತಲ್ಲೇ ನೋರ್ಡಾಲ್ ಪುಟ ತೆಗೆದಳು. 'ಕ್ಯಾಷಿಯರ್: ಓಲೆ ಬ್ರೆಕ್ಕೆ, ಮುಂದೆ ರಾಜ್ಯದ ಶಾಸಕ.' ಪಕ್ಕದಲ್ಲಿ ಓಲೆಯ ಮೀಸೆ ತುಂಬಿದ ಫೋಟೋ.

ಅವಳು ಸಾಲಿನಲ್ಲಿ ನಿಂತು, ಸರದಿ ಬಂದಾಗ ಮೆಲ್ಲನೆ ಹೇಳಿದಳು. "ಡಾಕ್ಟ್ರೇ, ಇಲ್ಲೊಂದು ತಪ್ಪಾಗಿದೆ. ಇದು ಓಲೆ ಅಲ್ಲ, ಅವನ ಅಕ್ಕ ಓಲೀನಾ. ಓಲೆ ಬೆಣ್ಣೆ ಡೇರಿ ನಡೆಸ್ತಿದ್ದ. ಬ್ಯಾಂಕಲ್ಲಿ ಕೂತೋಳು ಅವಳು."

ಸ್ಪ್ರೇಗ್ ತನ್ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ರೋಗಿಗೆ ನಗುವ ಹಾಗೆ ನಕ್ಕ. "ನಿಮ್ಗೆ ಹೆಂಗೆ ಗೊತ್ತು?"

"ಕಣ್ಣಾರೆ ನೋಡಿದೀನಿ."

"ಆಗ ನಿಮ್ಗೆಷ್ಟು ವಯಸ್ಸು, ತಾಯಿ?"

"ಏಳು."

ಸಾಲಿನಲ್ಲಿದ್ದ ಗಂಡಸರು ನಕ್ಕರು. ಸ್ಪ್ರೇಗ್‌ಗೆ ಹುರುಪು ಬಂತು. "ಏಳು ವರ್ಷದ ಮಗು ಕಣ್ಣಿಗೆ ಬ್ಯಾಂಕಲ್ಲಿ ಕಸ ಗುಡಿಸೋಳೂ ಕ್ಯಾಷಿಯರ್ರೇ. ಹೋಗ್ಲಿ, ನೀವೇನ್ ಕೆಲಸ ಮಾಡ್ತೀರಿ?"

"ಶಾಲೇಲಿ ಅಡುಗೆ."

"ನೋಡಿ ಮತ್ತೆ! ನಾನು ನಿಮ್ಮ ಅಡುಗೆಮನೆಗೆ ಬಂದು ಉಪ್ಪು ಎಷ್ಟು ಹಾಕ್ಬೇಕು ಅಂತ ಹೇಳ್ಕೊಡ್ತೀನಾ?"

ಈ ಸಲ ನಗು ಜೋರಾಯಿತು. ಅವನು ಪುಸ್ತಕದ ಮೊದಲ ಪುಟದಲ್ಲಿ ರುಜು ಹಾಕಿ ಅವಳ ಕೈಗೆ ಕೊಟ್ಟ. 'ಆರ್ಲಿಸ್‌ಗೆ, ಶುಭಾಶಯ' ಎಂದಿತ್ತು. ಅವಳ ಹೆಸರನ್ನೂ ಅವನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಇಷ್ಟನ್ನೂ ಓವನ್ನಿನೊಳಗೆ ತಲೆ ಹಾಕಿಕೊಂಡೇ ಅವಳು ಗಂಡನಿಗೆ ಹೇಳಿದಳು.

"ಓಲೀನಾ ಸತ್ತು ಮೂವತ್ತು ವರ್ಷ ಆಯ್ತು," ಎಂದ ಎಲ್ಡನ್. "ಅವಳಿಗೇನೂ ಬೇಜಾರಾಗಲ್ಲ ಬಿಡು."

"ನಾನಿನ್ನೂ ಸತ್ತಿಲ್ಲ. ನನಗಾಗುತ್ತೆ."

ಸೋಮವಾರ ಅವಳು ಲುಥೆರನ್ ಚರ್ಚಿಗೆ ಹೋದಳು. ವರ್ಷವರ್ಷದ ಮೀನಿನೂಟಕ್ಕೆ ಅಡುಗೆ ಮಾಡುವವಳು ಅವಳೇ ಆದ್ದರಿಂದ ನೆಲಮಾಳಿಗೆಯ ಬೀಗದಕೈ ಅವಳ ಬಳಿಯೇ ಇತ್ತು. ಕಾಫಿ ಹಂಡೆಗಳ ಹಿಂದಿನ ಕಪಾಟಿನಲ್ಲಿ ಮಹಿಳಾ ಸಂಘದ ಹಳೇ ನಡಾವಳಿ ಪುಸ್ತಕಗಳು ಧೂಳು ಹೊದ್ದು ಮಲಗಿದ್ದವು. ಒಂದೊಂದೇ ತೆಗೆದು ನೋಡುತ್ತ ಹೋದಳು. 1922ರಿಂದ 1938ರವರೆಗೆ ಪ್ರತಿ ಸಭೆಯ ಕೊನೆಯಲ್ಲೂ ಒಂದೇ ರುಜು: 'ಓ. ಬ್ರೆಕ್ಕೆ, ಕಾರ್ಯದರ್ಶಿ.' ಡಬ್ಬಿಯಿಂದ ನೋಟು ತೆಗೆದು ಪಕ್ಕದಲ್ಲಿಟ್ಟಳು. ಸೊನ್ನೆಯಂಥ ಇಂಗ್ಲಿಷ್ 'ಓ' ಅಕ್ಷರದ ನೆತ್ತಿಯಲ್ಲಿ ಅದೇ ಪುಟ್ಟ ಕುಣಿಕೆ. ಹೆಸರಿನ ನಡುವಿನ ಜೋಡಿ 'ಕೆ' ಅಕ್ಷರದಲ್ಲಿ ಎರಡನೆಯದರ ಕಾಲು ಹಿಂದಕ್ಕೆ ತಿರುಗಿ, ಹಿಮಗಾಡಿಯ ಪಟ್ಟಿಯ ಹಾಗೆ ಹೆಸರಿನ ಕೆಳಗೆ ಉದ್ದಕ್ಕೂ ಜಾರಿಕೊಂಡು ಹೋಗಿತ್ತು. ಇಲ್ಲೂ ಹಾಗೆಯೇ, ಅಲ್ಲೂ ಹಾಗೆಯೇ. ಅವಳಿಗೆ ಖುಷಿಯಾಗಬೇಕಿತ್ತು, ಆದದ್ದು ಮಾತ್ರ ಇನ್ನಷ್ಟು ಸಿಟ್ಟು. ಒಬ್ಬ ಮನುಷ್ಯ ಊರಿಗೆ ಬಂದು ಒಂದು ಕಪಾಟು ತೆಗೆದಿದ್ದರೆ ಸಾಕಿತ್ತು. ಶಾಸಕ ಓಲೆ ಬ್ರೆಕ್ಕೆ ಹದಿನಾರು ವರ್ಷ ಹೆಂಗಸರ ಸಂಘದಲ್ಲಿ ಕೂತು, ಯಾರು ಕೇಕ್ ತಂದರು, ಯಾರು ಕೌದಿ ಹೊಲಿದರು ಎಂದು ಬರೆಯುತ್ತಿದ್ದನೇ?

ಬ್ಯಾಂಕಿನ ದಿನಗಳ ಓಲೀನಾಳನ್ನು ಬಲ್ಲ ದೊಡ್ಡವರಲ್ಲಿ ಬದುಕಿದ್ದವನು ಸೆಲ್ಮರ್ ಓಸೆನ್ ಒಬ್ಬನೇ. ಎಂಬತ್ತೊಂಬತ್ತು ವರ್ಷದ ಹಳೇ ರೈತ, ಕೌಂಟಿಯ ವೃದ್ಧಾಶ್ರಮದಲ್ಲಿದ್ದ. ಆರ್ಡಿಸ್ ಆಲೂಗಡ್ಡೆ ಲೆಫ್ಸೆ ರೊಟ್ಟಿಗೆ ಬೆಣ್ಣೆ ಸವರಿಕೊಂಡು ಹೋದಳು.

"ಸೆಲ್ಮರ್, ಓಲೀನಾ ಬ್ರೆಕ್ಕೆ ನೆನಪಿದ್ದಾಳಾ?"

"ಯಾವ ಓಲೀನಾ? ಬ್ಯಾಂಕ್ ಓಲೀನಾನಾ?"

"ಬ್ಯಾಂಕಲ್ಲಿ ಏನ್ ಮಾಡ್ತಿದ್ಲು ಅವಳು?"

"ಏನ್ ಮಾಡ್ತಿದ್ಲು ಅಂತೀಯಲ್ಲ! ಎಲ್ಲಾ ಅವಳೇ. ಹೌಗ್ಲಂಡ್ ಮೀನು ಹಿಡಿಯೋಕೆ ಹೋಗಿರ್ತಿದ್ದ. ಅವನ ಮುದ್ರೇನೂ ಅವಳೇ ಒತ್ತೋಳು. ಕಿಟಕಿ ಹತ್ರ ಕೂತ್ಕೊಂಡು, ಬಟ್ಟೆ ಕತ್ತರಿಸೋ ಕತ್ತರೀಲಿ ನೋಟು ಕತ್ತರಿಸೋಳು. 'ಏನ್ ಹೊಲೀತಿದೀಯ ಓಲೀನಾ, ಲಂಗಾನಾ?' ಅಂತ ನಾನು ರೇಗ್ಸಿದ್ರೆ, 'ನಿನ್ನ ಬಾಯಿ ಹೊಲೀಬೇಕು ಅಂತಿದೀನಿ, ಅಷ್ಟು ದಾರ ಇಲ್ಲ' ಅನ್ನೋಳು." ಸೆಲ್ಮರ್ ಹಲ್ಲಿಲ್ಲದ ಬಾಯಿ ತುಂಬ ನಕ್ಕ.

"ಮತ್ತೆ ಪೂರ್ತಿ ಹೆಸರು ಯಾಕೆ ಬರೀಲಿಲ್ಲ?"

"ಹೌಗ್ಲಂಡ್ ಬಿಡ್ಲಿಲ್ಲ. ಹೆಂಗಸಿನ ರುಜು ಇರೋ ನೋಟು ಪಕ್ಕದೂರಲ್ಲಿ ಯಾರೂ ಮುಟ್ಟಲ್ಲ, ಬರೀ ಓ ಅಂತ ಹಾಕು, ನೋಡಿದೋರು ನಿನ್ನ ತಮ್ಮ ಅಂದ್ಕೊಳ್ಲಿ ಅಂದ. ಎಲ್ಲರೆದುರಿಗೇ ಅಂದ. ಅವಳು ಪೆನ್ಸಿಲು ತೆಗೆದು ಮತ್ತೆ ತಲೆಗೆ ಸಿಕ್ಕಿಸ್ಕೊಂಡ್ಲು, ಅಷ್ಟೇ."

ಸ್ವಲ್ಪ ಹೊತ್ತು ಲೆಫ್ಸೆ ಅಗಿದು ತಾನಾಗಿಯೇ ಮುಂದುವರಿಸಿದ. "ಮೂವತ್ತೊಂದರಲ್ಲಿ ಬ್ಯಾಂಕು ಮುಚ್ಚಿತಲ್ಲ, ಊರೋರ ದುಡ್ಡೆಲ್ಲ ಮುಳುಗ್ತು. ಹೌಗ್ಲಂಡ್ ವಾರದೊಳಗೆ ಕ್ಯಾಲಿಫೋರ್ನಿಯಾ ಸೇರ್ಕೊಂಡ. ಇವಳು ಎಲ್ಲೂ ಹೋಗ್ಲಿಲ್ಲ. ದಿನಾ ಬಂದು ಬಾಗಿಲು ತೆಗೆದು, ಬಂದೋರ ಹತ್ರ ಬೈಸ್ಕೊಂಡು ಕೂತಿರೋಳು. ಆಗ ಓಲೆ ಮನೆ ಹತ್ರ ಒಬ್ನೂ ಹೋಗ್ಲಿಲ್ಲ ನೋಡು. ಮೊಟ್ಟೆ ಬಿದ್ದಿದ್ದು ಇವಳ ಬಾಗಿಲಿಗೆ." ತಟ್ಟೆಯನ್ನು ದೂರ ಸರಿಸಿದ. "ಒಂದು ನಂದೇ."

 ಆರ್ಡಿಸ್ ಸಮಾಧಾನ ಹೇಳಲು ಹೋಗಲಿಲ್ಲ. ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು, ಓದಿ ಹೇಳಿ, ಕೆಳಗೆ ಅವನ ರುಜು ಹಾಕಿಸಿಕೊಂಡು ಎದ್ದಳು. ಗಾಡಿಯಲ್ಲಿ ಕೂತು, ಬರೆದುಕೊಂಡದ್ದನ್ನು ಮತ್ತೊಮ್ಮೆ ಓದಿದಳು. ಬೈಗುಳ ತಿನ್ನುವಾಗ ಕ್ಯಾಷಿಯರ್ ಯಾರೆಂದು ಇಡೀ ಊರಿಗೆ ಗೊತ್ತಿತ್ತು! ಮೊಟ್ಟೆ ಎಸೆಯಲು ಯಾರೂ ದಾರಿ ತಪ್ಪಿರಲಿಲ್ಲ. ಪುಸ್ತಕದಲ್ಲಿ ಹೆಸರು ಹಾಕುವ ಹೊತ್ತಿಗೆ ಮಾತ್ರ ಅವಳು ಕಸ ಗುಡಿಸುವವಳಾದಳು, ಮೀಸೆಯ ತಮ್ಮ ಕ್ಯಾಷಿಯರ್ ಆದ.

ನಡಾವಳಿಯ ಜೆರಾಕ್ಸ್, ಸೆಲ್ಮರ್‌ನ ಹೇಳಿಕೆ ಎರಡನ್ನೂ ಸ್ಪ್ರೇಗ್‌ಗೆ ಕಳಿಸಿದಳು. ಆರು ವಾರಕ್ಕೆ ಉತ್ತರ ಬಂತು, ಬರೀ ಎರಡು ಸಾಲು: 'ಒಡಹುಟ್ಟಿದವರ ಕೈಬರಹ ಒಂದೇ ತರಹ ಇರುವುದು ಸಾಮಾನ್ಯ. ತಮ್ಮ ಆಸಕ್ತಿಗೆ ಧನ್ಯವಾದ.'

ಅವತ್ತು ಮನೆಯಲ್ಲಿದ್ದ ಬಾಣಲೆಗಳೆಲ್ಲ ಕನ್ನಡಿಯಾದವು.

ಮರುದಿನ ಅವಳು ಕೌಂಟಿ ಕಚೇರಿಗೆ ಹೋಗಿ ಓಲೆಯ ಮದುವೆ ಪರವಾನಗಿ ಹುಡುಕಿಸಿದಳು. ಗುಮಾಸ್ತೆ ನೆಲಮಾಳಿಗೆಯಿಂದ ದಪ್ಪ ಸಂಪುಟ ಹೊತ್ತು ತಂದಳು. ಓಲೆಯ ರುಜು ಎಡಕ್ಕೆ ವಾಲಿಕೊಂಡು, ದಪ್ಪದಪ್ಪಗೆ, ಬೇಲಿಗೂಟ ನೆಟ್ಟ ಹಾಗಿತ್ತು. ಬರೀ 'ಓ' ಕೂಡ ಅಲ್ಲ. ಹೆಸರು ಪೂರ್ತಿ ಬರೆದಿದ್ದ. ಜಮೀನಿನ ಎರಡು ಪತ್ರಗಳಲ್ಲೂ ಹಾಗೆಯೇ. ಓಲೆಗೆ ತನ್ನ ಹೆಸರನ್ನು ಅಡಗಿಸುವ ಕಾರಣವೇ ಬದುಕಿನಲ್ಲಿ ಬಂದಿರಲಿಲ್ಲ. ಆರ್ಡಿಸ್ ಮೊಹರು ಹಾಕಿಸಿದ ನಕಲು ತೆಗೆಸಿದಳು.

ಮುಂದಿನ ಏಪ್ರಿಲ್ ಮೇಳಕ್ಕೆ ತನಗೊಂದು ಪ್ರದರ್ಶನದ ಮೇಜು ಬೇಕೆಂದು ಬರೆದಳು. ಸಂಘದ ಸದಸ್ಯೆಯಾದ್ದರಿಂದ ಕೊಡದೆ ಇರುವಂತಿರಲಿಲ್ಲ. ಕೊಟ್ಟರು, ಕೋಟು ನೇತುಹಾಕುವ ಗೂಟಗಳ ಪಕ್ಕ, ಗಂಡಸರ ಟಾಯ್ಲೆಟ್ಟಿನ ಬಾಗಿಲಿಗೆ ನಾಲ್ಕೇ ಹೆಜ್ಜೆ. ಮೇಜಿನ ಮೇಲೆ ಗಾಜಿನಡಿ ನೋಟು, ಅದರ ಒಂದು ಪಕ್ಕ ನಡಾವಳಿ ಪುಸ್ತಕ, ಇನ್ನೊಂದು ಪಕ್ಕ ಓಲೆಯ ಪತ್ರಗಳನ್ನಿಟ್ಟು, ತನ್ನ ಒಳ್ಳೇ ನೀಲಿ ಉಡುಪಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಎರಡು ಗಂಟೆ ಕಾಲ ಅವಳನ್ನು ಮಾತಾಡಿಸಿದವರೆಲ್ಲ ಕೇಳಿದ್ದು ಒಂದೇ, ಒಳಗೆ ಯಾರಾದರೂ ಇದ್ದಾರಾ ಎಂದು.

ಹಾಗೆ ಸರದಿ ಕಾಯುತ್ತ ನಿಂತವರಲ್ಲಿ ಲೈಲ್ ಪ್ರುಯಿಟ್ ಎಂಬವನೊಬ್ಬನಿದ್ದ. ಅಯೋವಾದ ವ್ಯಾಪಾರಿ, ನಲವತ್ತು ವರ್ಷದಿಂದ ಹಳೇ ನೋಟು ಕೊಂಡು ಮಾರಿದವನು, ಬಾಯಿ ಜೋರಿನ ದಢೂತಿ ಆಸಾಮಿ. ಹೊತ್ತು ಕಳೆಯಲೆಂದು ಜೇಬಿನಿಂದ ಭೂತಗನ್ನಡಿ ತೆಗೆದು ಬಗ್ಗಿದ. ನೋಟು ನೋಡಿದ, ಪುಸ್ತಕ ನೋಡಿದ, ಮತ್ತೆ ನೋಟು ನೋಡಿದ. ಟಾಯ್ಲೆಟ್ಟಿನ ಬಾಗಿಲು ತೆರೆದದ್ದೂ ಅವನಿಗೆ ತಿಳಿಯಲಿಲ್ಲ.

"ಅಮ್ಮಾ, ಈ ಪುಸ್ತಕ ಯಾರದು?"

"ಚರ್ಚಿನ ಹೆಂಗಸರ ಸಂಘದ್ದು."

ಪ್ರುಯಿಟ್ ನೆಟ್ಟಗಾದವನೇ ಸಭಾಂಗಣದ ಆ ಕೊನೆಗೆ ಕೇಳುವ ಹಾಗೆ ಕೂಗಿದ. "ವೆಂಡೆಲ್! ಏಯ್ ವೆಂಡೆಲ್! ಬಾರಯ್ಯ ಇಲ್ಲಿ! ನಿನ್ನ ಶಾಸಕ ಹೆಂಗಸಾಗಿಬಿಟ್ಟಿದ್ದಾನೆ!"

ಜನ ಸೇರಿದರು. ಸ್ಪ್ರೇಗ್ ಬಂದು ಬಗ್ಗಿ, ಬಹಳ ಹೊತ್ತು ನೋಡಿದ. ಅವನ ಕಿವಿ ಕೆಂಪೇರಿತು. ಹೋದ ಸಲ ನಕ್ಕ ಗಂಡಸರಲ್ಲಿ ಇಬ್ಬರು ಮೂವರು ಅಲ್ಲೇ ಇದ್ದರು; ಈಗ ಕೋಟಿನ ಗೂಟಗಳನ್ನು ಎಣಿಸುವವರಂತೆ ಗೋಡೆ ನೋಡುತ್ತಿದ್ದರು.

"ಒಡಹುಟ್ಟಿದವರ ಬರಹ ಒಂದೇ ತರ ಇರುತ್ತೆ ಅಂತ ಬರೆದಿದ್ರಿ," ಎಂದಳು ಆರ್ಡಿಸ್. ದನಿ ಏರಿಸಲಿಲ್ಲ. "ಈ ಕಡೆ ತಮ್ಮಂದು, ಈ ಕಡೆ ಅಕ್ಕಂದು. ಹಲ್ಲಿನ ಡಾಕ್ಟ್ರಿಗೆ ಕಣ್ಣೂ ಚೆನ್ನಾಗಿರ್ಬೇಕು ಅಲ್ವಾ? ನೋಡಿ ಹೇಳಿ."

"ಪರಿಶೀಲಿಸ್ಬೇಕು. ಇದು... ಕುತೂಹಲದ ವಿಷ್ಯ. ನಕಲು ಸಿಗುತ್ತಾ?"

"ಆಗ್ಲೇ ಕಳ್ಸಿದೀನಿ. ಇನ್ನೊಂದು ಸಲ ಬೇಕಿದ್ರೂ ತಗೊಳಿ."

ಕೊಟ್ಟಳು. ಎಲ್ಲ ಕೊಟ್ಟಳು, ನಡಾವಳಿ, ಪರವಾನಗಿ, ಜಮೀನು ಪತ್ರ, ಸೆಲ್ಮರ್‌ನ ಮಾತು. ಅಷ್ಟು ಜನರ ಎದುರಿಗೆ ಕೊಟ್ಟ ಮೇಲೆ ಇನ್ನೇನು ಭಯ ಎಂದುಕೊಂಡಳು.

ಎರಡು ವರ್ಷಕ್ಕೆ ಪುಸ್ತಕದ ಹೊಸ ಆವೃತ್ತಿ ಬಂತು. ಆರ್ಡಿಸ್ ಅಂಚೆಯಲ್ಲಿ ತರಿಸಿ, ಅಡುಗೆಮನೆಯ ಮೇಜಿನ ಮೇಲೆ ತೆರೆದಳು. 'ಕ್ಯಾಷಿಯರ್: ಮಿಸ್ ಓಲೀನಾ ಬ್ರೆಕ್ಕೆ.' ಓಲೆಯ ಮೀಸೆ ಮಾಯವಾಗಿತ್ತು. ಅವಳ ಕಣ್ಣು ತುಂಬಿ ಬಂತು. ಆಮೇಲೆ ಕೆಳಗಿನ ಟಿಪ್ಪಣಿ ಕಣ್ಣಿಗೆ ಬಿತ್ತು: 'ಈ ಹಿಂದೆ ಓಲೆ ಎಂದು ಭಾವಿಸಲಾಗಿತ್ತು. ಲೇಖಕರು ಸ್ಥಳೀಯ ದಾಖಲೆಗಳಲ್ಲಿ ನಡೆಸಿದ ಶೋಧನೆಯಿಂದ ನಿಜ ಹೊರಬಿದ್ದಿದೆ.'

ಮೂರು ಸಲ ಓದಿದಳು. ಆಮೇಲೆ ಫೋನ್ ತಿರುಗಿಸಿದಳು.

"ಯಾವ ಸ್ಥಳೀಯ ದಾಖಲೆ ಡಾಕ್ಟ್ರೇ? ನೋರ್ಡಾಲ್‌ಗೆ ಯಾವತ್ತು ಬಂದಿದ್ರಿ? ಬಂದಿದ್ರೆ ನನ್ನ ಹತ್ರ ಬೀಗದಕೈ ಕೇಳ್ಬೇಕಿತ್ತಲ್ಲ."

"ಹೆಸರು ಸರಿಯಾಯ್ತಲ್ಲ ತಾಯಿ. ಇನ್ನೇನು ಬೇಕಿತ್ತು ನಿಮ್ಗೆ?"

"ಹುಡುಕಿದ್ದು ಯಾರು ಅಂತ ಬರೀಬೇಕಿತ್ತು."

"ಟಿಪ್ಪಣೀಲಿ ಅಷ್ಟೊಂದು ಜಾಗ ಇರಲ್ಲ."

"'ಲೇಖಕರು' ಅನ್ನೋಕೆ ಜಾಗ ಇತ್ತು?"

ಆ ಕಡೆಯಿಂದ, ರೋಗಿಗಳು ಕಾಯುತ್ತಿದ್ದಾರೆ ಎಂಬ ಮಾತು ಕೇಳಿಬಂತು, ಫೋನ್ ಕಟ್ಟಾಯಿತು.

ಎಲ್ಡನ್ ಹಿಂಬಾಗಿಲಲ್ಲಿ ನಿಂತು ಬೂಟು ಬಿಚ್ಚುತ್ತಿದ್ದ. "ಅವಳ ಹೆಸರು ಬಂತಲ್ಲ, ಆರ್ಡಿಸ್. ಅದಕ್ಕೇ ತಾನೇ ಇಷ್ಟೆಲ್ಲ ಓಡಾಡಿದ್ದು? ಬಿಟ್ಬಿಡು."

"ಬಿಡಲ್ಲ. ಓಲೀನಾಗೂ ಬಿಟ್ಬಿಡು ಅಂದೋರು ಎಷ್ಟು ಜನ ಇದ್ರೋ!"

ಆ ವಾರ ಅವಳು ಶಾಲೆಯ ಟೈಪ್‌ರೈಟರ್ ಕೇಳಿ ತಂದು, ಒಂದೊಂದೇ ಬೆರಳಿನಿಂದ ಕುಟ್ಟಿ ಎರಡು ಪುಟ ಬರೆದಳು. ತಮ್ಮ ಕೌಂಟಿಯ ಆರೂ ಬ್ಯಾಂಕುಗಳು, ಅವುಗಳ ನೋಟಿಗೆ ರುಜು ಹಾಕಿದವರು, ಯಾರದನ್ನು ಯಾವ ಪುಸ್ತಕದಿಂದ, ಯಾರ ಬಾಯಿಂದ ಗುರುತಿಸಿದ್ದು, ಎಲ್ಲ ಬಿಡಿಸಿ ಹೇಳಿದಳು. ಓಲೀನಾ ಬರೀ ಓ ಅಂತ ಯಾಕೆ ಬರೆಯಬೇಕಾಯಿತು ಎಂಬುದನ್ನೂ, ಬ್ಯಾಂಕು ಮುಚ್ಚಿದಾಗ ಕುರ್ಚಿ ಬಿಡದೆ ಕೂತವಳು ಯಾರು, ಓಡಿಹೋದವನು ಯಾರು ಎಂಬುದನ್ನೂ ಬಿಡಲಿಲ್ಲ. ಸೈಕ್ಲೋಸ್ಟೈಲ್ ಯಂತ್ರದಲ್ಲಿ ಇನ್ನೂರ ಹತ್ತು ಪ್ರತಿ ತೆಗೆದಳು. ಸಂಘದ ಸದಸ್ಯರ ಪಟ್ಟಿಯಲ್ಲಿದ್ದದ್ದು ಅಷ್ಟೇ ಜನ, ಸ್ಪ್ರೇಗ್ ಸೇರಿ.

ಲೈಲ್ ಪ್ರುಯಿಟ್‌ನಿಂದ ಮೊದಲು ಉತ್ತರ ಬಂತು. ತನ್ನ ಪ್ರತಿಯಲ್ಲಿ ಆ ಟಿಪ್ಪಣಿಯ ಮೇಲೆಯೇ ಅವಳ ಪುಟಗಳನ್ನು ಅಂಟಿಸಿದ್ದೇನೆ, ಅಂಗಡಿಗೆ ಬಂದವರಿಗೆಲ್ಲ ಹಾಗೇ ಮಾಡಲು ಹೇಳುತ್ತಿದ್ದೇನೆ ಎಂದು ಬರೆದಿದ್ದ. ಆಮೇಲೆ ನೆಬ್ರಾಸ್ಕದಿಂದ, ವಿಸ್ಕಾನ್ಸಿನ್ನಿನಿಂದ ಕಾಗದಗಳು ಬಂದವು. ನನ್ನ ನೋಟಿನಲ್ಲೂ ಬರೀ ಒಂದಕ್ಷರ ಇದೆ, ಇದು ಯಾರೆಂದು ಹೇಗೆ ಕಂಡುಹಿಡಿಯುವುದು ಎಂದು ಕೇಳುವ ಕಾಗದಗಳು. ಸ್ಪ್ರೇಗ್ ಏನೂ ಬರೆಯಲಿಲ್ಲ.

ಆದರೆ ಅದೆಲ್ಲ ಮುಂದಿನ ಮಾತು. ಆ ಪ್ರತಿಗಳನ್ನು ಅಂಚೆಗೆ ಹಾಕುವ ಶನಿವಾರ ಮಧ್ಯಾಹ್ನ ಗಂಡಹೆಂಡಿರು ಮೇಜಿನ ಎರಡು ಕಡೆ ಕೂತಿದ್ದರು. ಆರ್ಡಿಸ್ ವಿಳಾಸ ಬರೆಯುತ್ತಿದ್ದಳು. ಎಲ್ಡನ್ ಸ್ಟಾಂಪು ನೆಕ್ಕಿ ನೆಕ್ಕಿ ಅಂಟಿಸುತ್ತಿದ್ದ. ನೂರು ದಾಟುವ ಹೊತ್ತಿಗೆ ಅವನ ನಾಲಗೆ ಕಹಿಯಾಗಿ ಹೋಗಿತ್ತು.

"ಇನ್ನೂ ಸಿಟ್ಟು ಇಳಿದಿಲ್ವೇನೇ?" ಎಂದು ಕೇಳಿದ.

"ಇಲ್ಲ," ಎಂದಳು ಆರ್ಡಿಸ್, ತಲೆ ಎತ್ತದೆ. "ಆ ಲಕೋಟೆ ಕಟ್ಟು ಈ ಕಡೆ ತಳ್ಳು."